ಬೆನ್ನಿಗೆ ಬೆನ್ನು ಕೊಟ್ಟ ಎರಡು ಕೋಟೆ

ನಮ್ಮ ಚಿಗವ್ವ ಗುರವ್ವ ಗಡಿಗೆ ಒಣಗಿಸುತ್ತಿದ್ದದ್ದು ಇಲ್ಲದ ಗೋಡೆಯ ನೆರಳಿನಲ್ಲಿ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ನಮ್ಮೂರಿನಲ್ಲಿ ಎಲ್ಲರೂ ಹಾಗೇ ಬದುಕುವುದು. ಬಸ್ಸಿಗೆ ಕಾಯುವವರು ಎಂದೋ ಬಿದ್ದುಹೋದ ಕಂಬವೊಂದರ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿರುತ್ತಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ. ಹೊಸದಾಗಿ ಬಂದ ಕಂಡಕ್ಟರುಗಳು ಇವರೇನು ಕವಾಯತು ಮಾಡುತ್ತಿದ್ದಾರೋ ಎಂದು ಬೆರಗಾಗುತ್ತಾರೆ. ಪೋಸ್ಟಾಫೀಸಿನ ಹಿಂದಿನ ಮನೆಯ ಅಡುಗೆಮನೆಗೆ ರೊಟ್ಟಿ ಬಡಿಯುವ ಹೊತ್ತಿಗೇ ಯಾವುದೋ ಬುರುಜಿನ ನೆರಳು ಬಂದು ಕೂರುತ್ತದೆ. ಆ ಮನೆಯ ಸೊಸೆ ಲೈಟು ಹಾಕಿಕೊಂಡು, ಬುರುಜು ಕಟ್ಟಿಸಿದವನ ವಂಶಕ್ಕೆಲ್ಲ ಬೈಯುತ್ತ ರೊಟ್ಟಿ ಬಡಿಯುತ್ತಾಳೆ. ಶಾಲೆಯ ಬಯಲಿನಲ್ಲಿ ಮೆಟ್ಟಿಲುಗಳ ನೆರಳಿದೆ, ಮೆಟ್ಟಿಲಿಲ್ಲ. ಮಕ್ಕಳಿಗೆ ಕುಂಟಬಿಲ್ಲೆಗೆ ಮನೆ ಬರೆಯುವ ಕಷ್ಟವಿಲ್ಲ.

ಊರಿನ ಕಟ್ಟಳೆ ಒಂದೇ: ನೆರಳಿನ ಬುಡ ಕೆದಕಬಾರದು. ನೆಲದೊಳಗೆ ಹುಗಿದುಹೋದ ಅಡಿಪಾಯಕ್ಕೆ ಬಿಸಿಲು ತಗುಲಿತೆಂದರೆ ಅದರ ನೆರಳು ಅಲ್ಲಿಗೆ ಮುಗಿಯಿತು. ಮನೆ ಕಟ್ಟುವವರು ಪಾಯ ತೆಗೆಯುವಾಗ ಅಪ್ಪಿತಪ್ಪಿ ಯಾರದಾದರೂ ನೆರಳು ಕಳೆದರೆ, ತಾವೇ ಹೋಗಿ ಅಲ್ಲೊಂದು ಚಪ್ಪರ ಹಾಕಿಕೊಟ್ಟು, ಆ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಬರಬೇಕು. ಕೋರ್ಟು ಕಚೇರಿ ಏನೂ ಇಲ್ಲ.

ನಮ್ಮ ಓಣಿ ಊರಿನ ಪಡುವಣಕ್ಕಿದೆ. ಅದಕ್ಕೂ ಮೂಡಣದ ಆಚೆ ಓಣಿಗೂ ನಡುವೆ ಒಂದು ಬಯಲು. ಬೆಳಿಗ್ಗೆ ಬಯಲಿನ ನಡುವಿನಿಂದ ಉದ್ದನೆಯ ಗೋಡೆಯ ನೆರಳು ನಮ್ಮ ಕಡೆ ಚಾಚಿಕೊಳ್ಳುತ್ತಿತ್ತು, ಚಿಗವ್ವ ಹಸಿ ಗಡಿಗೆಗಳನ್ನು ಸಾಲಾಗಿ ಅದರಲ್ಲಿ ಇಡುತ್ತಿದ್ದಳು. ಹಸಿ ಗಡಿಗೆ ಬಿಸಿಲಿನಲ್ಲಿ ಒಣಗಿದರೆ ಬಿರಿಯುತ್ತದೆ. ಅದಕ್ಕೆ ಬೇಕಾದದ್ದು ಗಾಳಿಯಾಡುವ ತಂಪು ನೆರಳು. ಇದನ್ನು ನಾವು ಮುಂಜಾನೆ ಕೋಟೆ ಎನ್ನುತ್ತಿದ್ದೆವು. ಸಂಜೆ ಅಲ್ಲಿಂದಲೇ ಆಚೆ ಓಣಿಯ ಕಡೆಗೂ ಅಷ್ಟೇ ಉದ್ದದ ನೆರಳು ಬೀಳುತ್ತಿತ್ತು. ಅದು ಸಂಜೆ ಕೋಟೆ, ಅದರಲ್ಲಿ ಫಕ್ಕೀರಪ್ಪನ ಮಿರ್ಚಿ ಮಂಡಕ್ಕಿಯ ಅಂಗಡಿ. ಇಬ್ಬರು ಅಣ್ಣತಮ್ಮಂದಿರು ರಾಜರಿದ್ದರಂತೆ, ಪಾಲಿನ ಜಗಳದಲ್ಲಿ ಮುಖ ನೋಡುವುದು ಬಿಟ್ಟು, ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡು ಕೋಟೆ ಕಟ್ಟಿದರಂತೆ. ಅಂದಿನಿಂದ ಆಚೆಯವರು ನಮ್ಮ ಗಡಿಗೆ ಕೊಳ್ಳುವುದಿಲ್ಲ, ನಾವು ಅವರ ಮಿರ್ಚಿ ತಿನ್ನುವುದಿಲ್ಲ. ಅಂದರೆ, ಅಲ್ಲೇ ನಿಂತು ತಿನ್ನುವುದಿಲ್ಲ, ಕಟ್ಟಿಸಿಕೊಂಡು ಬರುತ್ತೇವೆ.

ಎರಡೂ ನೆರಳು ಒಂದೇ ಗೆರೆಯಿಂದ ಹುಟ್ಟುವುದನ್ನು ನೋಡಿ, ಗೋಡೆ ಒಂದೇ ಇರಬಹುದಲ್ಲ ಎಂದು ನನಗೆ ಹೈಸ್ಕೂಲಿನಲ್ಲೇ ಅನ್ನಿಸಿತ್ತು. ಆದರೆ ನನಗೆ ಅನ್ನಿಸಿದ್ದೆಲ್ಲ ದಿನಚರಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಹೆತ್ತವರಿಲ್ಲದ ನನ್ನನ್ನು ಸಾಕಿದವರು ಚಿಗಪ್ಪ ಚಿಗವ್ವ. ಮನೆಯಲ್ಲಿ ಮಾತೆಲ್ಲ ಚಿಗವ್ವನದು, ತಿಗರಿ ತಿರುಗಿಸುತ್ತ ಕೂರುವ ಚಿಗಪ್ಪನದು ಮೌನ. ನಾನು ಬೆಳೆದದ್ದು ಚಿಗಪ್ಪನ ಕಡೆಗೆ. ಡಿಗ್ರಿ ಮುಗಿಸಿ ಬಂದ ಮೇಲೂ ಯಾರಾದರೂ ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದೆ, ಅಷ್ಟೇ. ಮೇಲೆ ಕೆಳಗೆ ಆಡಿಸಿದರೆ ಹೌದು, ಅಡ್ಡ ಆಡಿಸಿದರೆ ಅಲ್ಲ. ಇವೆರಡರಲ್ಲಿ ಜೀವನದ ಮುಕ್ಕಾಲು ಭಾಗ ಸಾಗುತ್ತದೆ ಎಂದು ಆಗ ನಾನು ನಂಬಿದ್ದೆ.

ಆ ಬೇಸಿಗೆಯಲ್ಲಿ ಉತ್ಖನನದವರು ಬಂದರು. ಅವರ ಮುಖ್ಯಸ್ಥೆ ವಾರಿಜಾ ಮೇಡಂ, ದೊಡ್ಡ ಟೋಪಿಯ, ಅದಕ್ಕಿಂತ ದೊಡ್ಡ ನಗುವಿನ ಹೆಂಗಸು. ಚಿತ್ರ ಬರೆಯಲು ಬರುವವರು ಒಬ್ಬರು ಬೇಕು ಎಂದು ಅವರು ಬಾಯಿಬಿಡುವುದೇ ತಡ, ಚಿಗವ್ವ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು.

"ನಮ್ಮ ಲೀಲಿ ಬಿ.ಎ. ಆಗ್ಯಾಳ್ರಿ ಬಾಯಾರ, ಇತಿಹಾಸದಾಗ. ಬಾಯಿ ಇಲ್ಲ. ಕೈ ಐತಿ."

"ನನಗೆ ಬಾಯಿ ಇದೆಯಮ್ಮ, ಬೇಕಾದಷ್ಟು. ಕೈಯೇ ಬೇಕಿತ್ತು" ಎಂದು ಮೇಡಂ ನಕ್ಕರು. ನಾನು ಮೇಲೆ ಕೆಳಗೆ ತಲೆಯಾಡಿಸಿದೆ. ಕೆಲಸ ಸಿಕ್ಕಿತು.

ಎಲ್ಲಿ ಅಗೆಯುವುದು ಎಂಬುದು ಪಂಚಾಯತಿಯಲ್ಲಿ ತೀರ್ಮಾನವಾಯಿತು. ಬೇಸಿಗೆಯ ಕೂಲಿ ಊರವರಿಗೆಲ್ಲ ಬೇಕಿತ್ತು, ತಮ್ಮ ನೆರಳು ಕೊಡಲು ಯಾರಿಗೂ ಬೇಕಿರಲಿಲ್ಲ. ಆಗ ಪಂಚಾಯತಿ ಮೆಂಬರೂ ಆಗಿದ್ದ ಫಕ್ಕೀರಪ್ಪ ಎದ್ದು ನಿಂತು ಮೀಸೆ ಸವರಿಕೊಂಡ.

"ಬಯಲಾಗ ಅಗೀರಿ ಬಾಯಾರ. ಆದ್ರ ಸಂಜಿ ಕ್ವಾಟಿ ಮುಟ್ಟಬ್ಯಾಡ್ರಿ. ಮುಂಜಾನಿ ಕ್ವಾಟಿ ಅಗೀರಿ, ನಮ್ಮದೇನೂ ತಕರಾರಿಲ್ಲ."

ಅವನ ಕಡೆಯವರು ಹೋ ಎಂದು ನಕ್ಕರು. ಚಿಗವ್ವ ಸೆರಗು ಸಿಗಿಸಿಕೊಂಡು ಎದ್ದಳು. "ಏ ಫಕ್ಕೀರಣ್ಣ, ಮಂದಿ ಗ್ವಾಡಿ ಕೆಡವಾಕ ಭಾಳ ಹುರುಪು ಬಂದೈತಲ್ಲೋ ನಿನಗ!"

"ಗ್ವಾಡಿ ಎಲ್ಲೈತಿ ಗುರವ್ವಕ್ಕ? ಬರೇ ನೆಳ್ಳು ಐತಿ."

"ನೆಳ್ಳಾಗ ನನ್ನ ಹೊಟ್ಟಿ ಐತಿ."

ಕೈ ಎತ್ತಿಸಿದರು. ಆಚೆ ಓಣಿಯವರೇ ಹೆಚ್ಚು. ಮೇಡಂ ಮಾತ್ರ ಚಿಗವ್ವನ ಹತ್ತಿರ ಬಂದು, ನೆರಳು ಹೋದರೆ ತಾವೇ ಚಪ್ಪರ ಹಾಕಿಸಿಕೊಡುವುದಾಗಿ ಕೈಮೇಲೆ ಕೈಯಿಟ್ಟು ಹೇಳಿದರು. ಚಿಗವ್ವ ಕೈ ಬಿಡಿಸಿಕೊಂಡು ನಡೆದಳು. ಮನೆಗೆ ಬಂದ ಮೇಲೆ ನನಗೆ ಹೇಳಿದಳು: "ಈ ಸಲ ಮದುವಿ ಹಂಗಾಮಿಗೆ ಐರಾಣಿ ಕೊಡದಿದ್ರ ಮಂದಿ ಸ್ಟೀಲಿನ ಕೊಡ ಇಟ್ಟು ಅಕ್ಕಿಕಾಳು ಹಾಕ್ತಾರ. ಒಮ್ಮೆ ಸ್ಟೀಲ್ ಇಟ್ರಂದ್ರ ಮುಗೀತು ಲೀಲಿ, ಮತ್ತ ಕುಂಬಾರ ಮನಿ ದಾರಿ ಯಾರೂ ತುಳಿಯಂಗಿಲ್ಲ." ನಮ್ಮ ಕಡೆ ಮದುವೆಯೆಂದರೆ, ಮದುವೆ ಮನೆಯವರು ಬಾಜಾ ಬಜಂತ್ರಿಯೊಂದಿಗೆ ಕುಂಬಾರರ ಮನೆಗೆ ಬಂದು, ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ರ ಬರೆದ ಗಡಿಗೆಗಳನ್ನು ಹೊತ್ತುಕೊಂಡು ಹೋಗಬೇಕು. ಅದೇ ಐರಾಣಿ. ಚಿಗವ್ವನ ವರ್ಷದ ಮರ್ಯಾದೆ, ವರ್ಷದ ಅನ್ನ ಎರಡೂ ಆ ಗಡಿಗೆಗಳಲ್ಲಿದ್ದವು.

ಹೀಗೆ, ಚಿಗವ್ವನೇ ಕೊಡಿಸಿದ ಕೆಲಸದಲ್ಲಿ ಚಿಗವ್ವನದೇ ನೆರಳಿನ ಬುಡ ಕೆದಕುವ ಕಡೆ ನಾನು ಪೆನ್ಸಿಲ್ಲು ಹಿಡಿದು ಕೂತೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಅವಳು ಏನೂ ಅನ್ನುತ್ತಿರಲಿಲ್ಲ. ಬುತ್ತಿಯಲ್ಲಿ ಶೇಂಗಾ ಚಟ್ನಿ ಮಾತ್ರ ದಿನದಿನಕ್ಕೂ ಖಾರವಾಗುತ್ತ ಹೋಯಿತು.

ಆದರೆ ಆ ಕೆಲಸ! ನಾನು ಹೇಗೆ ಹೇಳಲಿ. ದಾರ ಕಟ್ಟಿ ಚೌಕ ಮಾಡಿ, ಮಣ್ಣನ್ನು ಕೆನೆ ತೆಗೆದಂತೆ ಪದರು ಪದರಾಗಿ ತೆಗೆಯುವುದು. ಗುಂಡಿಯ ಗೋಡೆಯಲ್ಲಿ ಕಾಣುವ ಒಂದೊಂದು ಬಣ್ಣದ ಗೆರೆಯನ್ನೂ ನಾನು ಅಳೆದು ಕಾಗದಕ್ಕಿಳಿಸುವುದು. "ಮಣ್ಣನ್ನು ಓದುವುದು ಮೇಲಿನಿಂದ ಕೆಳಗೆ. ಅವರು ಬದುಕಿದ್ದು ಕೆಳಗಿನಿಂದ ಮೇಲೆ. ಎರಡನ್ನೂ ಒಟ್ಟಿಗೇ ತಲೆಯಲ್ಲಿ ಇಟ್ಟುಕೋ" ಎನ್ನುತ್ತಿದ್ದರು ಮೇಡಂ. ಮಾತಾಡಬೇಕಾದ ಅಗತ್ಯವೇ ಇಲ್ಲದ, ಆದರೆ ಎಲ್ಲರೂ ಬಂದು ನನ್ನ ಕಾಗದವನ್ನೇ ನೋಡುವ ಕೆಲಸ ಲೋಕದಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಗೋಡೆ ಸಿಕ್ಕಿದ ದಿನ ಚಿಗವ್ವ ಐರಾಣಿಯ ಮೊದಲ ಸಾಲನ್ನು ನೆರಳಿಗಿಟ್ಟಿದ್ದಳು. ಗುಂಡಿಯಲ್ಲಿ ಕೆತ್ತಿದ ಕಲ್ಲಿನ ಸಾಲೊಂದು ಕಾಣಿಸಿ, ಅದರ ಪಕ್ಕದ ಮಣ್ಣನ್ನು ಬ್ರಷ್ಷಿನಿಂದ ಸರಿಸುತ್ತ ಸರಿಸುತ್ತ ಕೊನೆಯ ಕಲ್ಲಿನ ಅಡಿಗೆ ಬಿಸಿಲು ಬಿತ್ತು. ನಾನು ತಲೆಯೆತ್ತಿ ನೋಡಿದೆ. ನೆರಳು ಮಾಸಲಿಲ್ಲ, ಸರಿಯಲಿಲ್ಲ. ಹಾಸಿದ ಕಂಬಳಿಯನ್ನು ಯಾರೋ ಒಂದು ತುದಿಯಿಂದ ಎಳೆದುಕೊಂಡ ಹಾಗೆ ಸರಕ್ಕನೆ ಹೋಯಿತು. ಗಡಿಗೆಗಳ ಮೇಲೆ ಬೆಳಕು ಸುರಿಯಿತು. ಎತ್ತಿ ಒಳಗೆ ಒಯ್ಯುವಷ್ಟರಲ್ಲಿ ಅರ್ಧದಷ್ಟು ಬಿರುಕು ಬಿಟ್ಟಿದ್ದವು. ಮೇಡಂ ಮಾತಿಗೆ ತಪ್ಪಲಿಲ್ಲ, ಮಧ್ಯಾಹ್ನದೊಳಗೆ ನಾಲ್ಕು ಬೊಂಬು ನೆಟ್ಟು ನೀಲಿ ತಾಡಪತ್ರಿ ಕಟ್ಟಿಸಿದರು. ಚಿಗವ್ವ ಅದರ ಕೆಳಗೆ ಒಂದು ಗಡಿಗೆ ಇಟ್ಟು, ಪಕ್ಕದಲ್ಲೇ ಕೂತು, ಬೆವರು ಒರೆಸಿಕೊಳ್ಳುತ್ತ ಹೇಳಿದಳು: "ಬಾಯಾರ, ಇದರ ಕೆಳಗ ಗಡಿಗಿ ಒಣಗಂಗಿಲ್ಲ, ಬೇಯ್ತಾವ. ನಾನೂ ಬೇಯ್ತೀನಿ." ಅವಳು ಹೇಳಿದ ಹಾಗೇ ಆ ಗಡಿಗೆಯೂ ಸೀಳಿತು.

ಆಚೆ ಕಡೆಯಿಂದ ಫಕ್ಕೀರಪ್ಪ ಇದನ್ನೆಲ್ಲ ನೋಡಿ ನಗುತ್ತಿದ್ದ. "ಯಕ್ಕಾ, ಬೇಕಾದ್ರ ಸಂಜಿಮುಂದ ನಮ್ಮ ಕ್ವಾಟಿಗೆ ಬಾ, ಕುಂದ್ರಾಕ ಜಾಗಾ ಕೊಡ್ತೀನಿ!"

ಸಂಜೆಯಾಯಿತು. ಫಕ್ಕೀರಪ್ಪ ಎಂದಿನಂತೆ ಒಲೆ ಹೊತ್ತಿಸಿ, ಎಣ್ಣೆ ಕಾಯಿಸಿ, ಬೆಂಚು ಹಾಕಿದ. ಗಿರಾಕಿಗಳು ಬಂದು ಕೂತರು. ಇಳಿಬಿಸಿಲು ನೇರ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಈಗ ನೆರಳು ಬರುತ್ತದೆ, ಆಗ ಬರುತ್ತದೆ ಎಂದು ಅವರು ಒಂದು ಕೈ ಹಣೆಗೆ ಅಡ್ಡ ಹಿಡಿದು, ಒಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು, ದೂರದಿಂದ ನೋಡಿದರೆ ಸೆಲ್ಯೂಟು ಹೊಡೆಯುತ್ತಿದ್ದಂತೆ. ಕೊನೆಗೆ ಫಕ್ಕೀರಪ್ಪ ಎಣ್ಣೆ ಸೋರುವ ಸೌಟು ಹಿಡಿದುಕೊಂಡೇ ಗುಂಡಿಯ ಹತ್ತಿರ ಓಡಿ ಬಂದ. ಗೋಡೆಯ ಈ ಕಡೆ ನೋಡಿದ, ಸುತ್ತು ಹಾಕಿ ಆ ಕಡೆ ನೋಡಿದ.

"ಬಾಯಾರ, ಇದು ಅವರ ಕ್ವಾಟಿ. ನಮ್ಮದೆಲ್ಲಿ?"

"ಇದೇ" ಎಂದರು ಮೇಡಂ.

"ಇದು ಮುಂಜಾನಿದು. ಸಂಜಿದು?"

"ಫಕ್ಕೀರಪ್ಪನವರೇ, ಗೋಡೆ ಒಂದೇ. ಸೂರ್ಯ ಆ ಕಡೆಯಿಂದ ಈ ಕಡೆಗೆ ಹೋಗುತ್ತಾನೆ."

ಅವನು ಆಕಾಶ ನೋಡಿದ, ಗೋಡೆ ನೋಡಿದ, ಸೌಟು ನೋಡಿಕೊಂಡ. ಗುಂಡಿಯ ಇನ್ನೊಂದು ಅಂಚಿನಲ್ಲಿ ನಿಂತಿದ್ದ ಚಿಗವ್ವ ಮೊದಲು ಬಾಯಿಗೆ ಸೆರಗು ಹಿಡಿದಳು, ಆಮೇಲೆ ಸೆರಗು ಸಾಲಲಿಲ್ಲ. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಬೆಳಿಗ್ಗೆ ಬಿರಿದ ಗಡಿಗೆಗಳಿಗಾಗಿ ಅಳಬೇಕಾದದ್ದನ್ನೂ ಅದರಲ್ಲೇ ಸೇರಿಸಿ ನಕ್ಕಳೆಂದು ತೋರುತ್ತದೆ. "ಅಯ್ಯ ನಮ್ಮ ಶಿವನ! ನಮ್ಮ ಗ್ವಾಡಿ ಕೆಡವಾಕ ಕೈ ಎತ್ತಿ, ತನ್ನ ಗ್ವಾಡೀನೂ ಕೆಡವಿಕೊಂಡನವ್ವ!" ಫಕ್ಕೀರಪ್ಪ ಸ್ವಲ್ಪ ಹೊತ್ತು ಬಿಗಿದುಕೊಂಡು ನಿಂತ. ಆಮೇಲೆ ಅವನ ಮೀಸೆಯ ಒಂದು ತುದಿ ಅಲುಗಿತು, ಇನ್ನೊಂದು ತುದಿಯೂ ಅಲುಗಿತು. ಅವನೂ ನಕ್ಕ. ಅಷ್ಟರಲ್ಲಿ ಅಲ್ಲಿ ಮಿರ್ಚಿ ಸೀದುಹೋಗಿತ್ತು.

ಮೇಲಿನ ನೆರಳು ಹೋದರೆ ಅದರ ಅಡಿಯ ನೆರಳು ಏಳುತ್ತದೆ ಎಂದು ನಮಗೆ ಗೊತ್ತಾಗಿದ್ದು ಮಾರನೆಯ ದಿನ. ಗೋಡೆಗಿಂತ ಹಿಂದೆ ಯಾರೋ ಸತ್ತವರಿಗಾಗಿ ಸುತ್ತ ನಿಲ್ಲಿಸಿದ್ದ ಎತ್ತರದ ಕಲ್ಲುಗಳ ನೆರಳು ಬೆಳಿಗ್ಗೆ ನಮ್ಮ ಓಣಿಯವರೆಗೂ ಚಾಚಿತ್ತು, ಉದ್ದ ಉದ್ದ, ಬೆರಳುಗಳ ಹಾಗೆ. ಜನ ಹೊಂದಿಕೊಂಡರು. ಚಿಗವ್ವ ಒಂದು ಕಲ್ಲಿಗೆ ಒಂದು ಗಡಿಗೆಯಂತೆ ಇಟ್ಟು, ನೆರಳು ಸರಿದ ಹಾಗೆ ಗಡಿಗೆ ಸರಿಸುತ್ತ ಅರ್ಧ ದಿನ ಬಗ್ಗಿಯೇ ಓಡಾಡಿದಳು. ಸಂಜೆ ಫಕ್ಕೀರಪ್ಪನ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಕಲ್ಲಿನ ನೆರಳು ಹಿಡಿದು ಕೂತರು. ಸ್ನೇಹಿತರಿಬ್ಬರು ಮಾತಾಡಬೇಕಾದರೆ ಕೂಗಿ ಮಾತಾಡಬೇಕಿತ್ತು. ಕಲ್ಲುಗಳ ಬುಡದಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಗಳು ಸಿಕ್ಕವು. ಚಿಗವ್ವ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವನ್ನು ಆಸೆಯಿಂದ ನೋಡಿ, "ಇವರು ಯಾವ ನೆಳ್ಳಾಗ ಒಣಗಿಸಿದ್ರೋ ಒಂದೀಟು ಕೇಳಿ ಹೇಳ್ರಿ ಬಾಯಾರ" ಅಂದಳು. ಕಲ್ಲುಗಳ ಬುಡಕ್ಕೆ ಬಿಸಿಲು ತಾಗಿ ಆ ನೆರಳೂ ಹೋಯಿತು.

ಅದರ ಕೆಳಗೆ ಬೂದಿ. ಮೆತ್ತಗಿನ, ಬೆಳ್ಳಗಿನ, ಗೇಣುಗಟ್ಟಲೆ ಬೂದಿ. ಕಲ್ಲು ನಿಲ್ಲಿಸಿದವರಿಗಿಂತಲೂ ಎಷ್ಟೋ ಹಿಂದೆ ದನ ಸಾಕಿದವರು ಇಲ್ಲಿ ದೊಡ್ಡಿ ಹಾಕಿ, ಸೆಗಣಿ ಒಟ್ಟಿ ಸುಡುತ್ತಿದ್ದರು ಎಂದರು ಮೇಡಂ. ಅವರ ಮುಳ್ಳುಬೇಲಿಯ, ದುಂಡನೆಯ ಗುಡಿಸಲುಗಳ ನೆರಳು ಎದ್ದಿತು. ಗೀರು ಗೀರಾದ, ತೂತು ತೂತಾದ ನೆರಳು. ಅದರಲ್ಲಿ ಕೂತು ಮಿರ್ಚಿ ತಿಂದವರೆಲ್ಲ ಹುಲಿಯಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದರು, ಫಕ್ಕೀರಪ್ಪನೇ "ಬರ್ರಿ ಹುಲಿಗೋಳ್ರಾ!" ಎಂದು ಕರೆಯುತ್ತಿದ್ದ. ಗಡಿಗೆಗಳಿಗೆ ಮಾತ್ರ ಆ ಗೀರು ಬಿಸಿಲು ಒಗ್ಗಲಿಲ್ಲ. ಇಟ್ಟವೆಲ್ಲ ಗೀರಿದ್ದಲ್ಲೇ ಬಿರಿದವು. ಬೇಲಿ ಕಂಬಗಳ ಗುಳಿಗಳನ್ನು ತೆರೆದಾಗ ಆ ನೆರಳೂ ಮುಗಿಯಿತು.

ಈ ದಿನಗಳಲ್ಲಿ ಚಿಗವ್ವ, ಫಕ್ಕೀರಪ್ಪ ಇಬ್ಬರೂ ಬೆಳಿಗ್ಗೆ ಎದ್ದವರೇ ಗುಂಡಿಗೆ ಬರುತ್ತಿದ್ದರು, ಆಸ್ಪತ್ರೆಯಲ್ಲಿರುವ ಒಬ್ಬನೇ ರೋಗಿಯನ್ನು ನೋಡಲು ಬಂದ ಎರಡು ಕಡೆಯ ನೆಂಟರ ಹಾಗೆ. ಅವನು ಅಗೆಯುವವರಿಗೆ ಮಿರ್ಚಿ ತರುತ್ತಿದ್ದ, ಇವಳು ಕುಡಿಯಲು ತಣ್ಣೀರು ಗಡಿಗೆ ತರುತ್ತಿದ್ದಳು. ಅಲ್ಲೇ ಒಂದು ದಿನ ಅವನು ಮೂರು ಸಲ ಗಂಟಲು ಸರಿಮಾಡಿಕೊಂಡ.

"ನಮ್ಮ ಮಾಂತವ್ವನ ಮದುವಿ ಐತಿ ಬರೋ ವಾರ. ನಾವು ಯಾವತ್ತೂ ಐರಾಣಿ ತರತಿದ್ದ ಊರಾಗ ಕುಂಬಾರ ಈಗ ಟೈಲ್ಸ್ ಅಂಗಡಿ ಇಟ್ಟಾನ."

"ಹಂಗೇನು. ಛಲೋ ಆತು ಬಿಡು. ಟೈಲ್ಸ್ ಮ್ಯಾಲೆ ಅಕ್ಕಿಕಾಳು ಹಾಕ್ರಿ."

"ಯಕ್ಕಾ, ಹಂಗ್ಯಾಕಂತಿ."

"ಸ್ಟೀಲಿನ ಕೊಡ ಇಲ್ಲೇನಪಾ ನಿಮ್ಮ ಓಣ್ಯಾಗ?"

"ನನ್ನ ಮಗಳು ಅಳಾಕತ್ಯಾಳಬೇ. ಸ್ಟೀಲಿನ ಕೊಡ ಇಟ್ರ ತಾಳಿ ಕಟ್ಟಿಸಿಕೊಳ್ಳಂಗಿಲ್ಲ ಅಂತಾಳ."

ಚಿಗವ್ವ ತಣ್ಣೀರಿನ ಗಡಿಗೆಯನ್ನು ಕೆಳಗಿಟ್ಟಳು. ಆಚೆ ಓಣಿಯಿಂದ ಐರಾಣಿ ಕೇಳಿಕೊಂಡು ಬಂದದ್ದು ಅವಳ ಜೀವಮಾನದಲ್ಲಿ ಇದೇ ಮೊದಲು. ಅವಳ ಹತ್ತಿರ ಇದ್ದದ್ದು ಮಣ್ಣು, ಚಿಗಪ್ಪನ ತಿಗರಿ, ಮತ್ತು ಕಟ್ಟಕಡೆಯ ಒಂದು ಸಾಲು ಹಸಿ ಗಡಿಗೆ. "ನೆಳ್ಳು ತಂದು ಕೊಡು. ಗಡಿಗಿ ಕೊಡ್ತೀನಿ" ಎಂದಳು.

ಅದರ ಮಾರನೆಯ ಮಧ್ಯಾಹ್ನ ನಾವು ಬುತ್ತಿ ಬಿಚ್ಚಲು ಗುಂಡಿಯಿಂದ ಮೇಲೆ ಬಂದೆವು. ಬೆಳಿಗ್ಗೆಯಿಂದ ಬೂದಿಯ ಅಡಿಯ ಕೆಂಪು ಮಣ್ಣಿನಲ್ಲಿ ಬರೀ ಕಲ್ಲಿನ ಚೂರುಗಳು ಸಿಗುತ್ತಿದ್ದವು. ಯಾರೋ ಕೂತು, ಕಲ್ಲಿಗೆ ಕಲ್ಲು ಹೊಡೆದು, ಚೂಪಾದ ಅಂಚು ಮಾಡಿಕೊಂಡು ಎದ್ದುಹೋಗಿದ್ದರು. ಉದುರಿದ ಚೂರುಗಳು ಅವರು ಕೂತಿದ್ದ ಜಾಗವನ್ನು ಖಾಲಿ ಬಿಟ್ಟು ಸುತ್ತ ಬಿದ್ದಿದ್ದವು. ಇದಕ್ಕಿಂತ ಕೆಳಗೆ ಮನುಷ್ಯರ ಗುರುತಿಲ್ಲ. ನಾನು ರೊಟ್ಟಿ ಮುರಿದೆ. ರೊಟ್ಟಿಯ ಮೇಲೆ ಏನೋ ಅಲುಗಿತು.

ಎಲೆ. ಎಲೆಯ ನೆರಳು. ಒಂದಲ್ಲ, ಲಕ್ಷ. ನಡುಬಯಲಿನಲ್ಲಿ, ಉರಿಯುವ ನಡುಹಗಲಲ್ಲಿ, ನಮ್ಮೆಲ್ಲರ ತಲೆ, ಹೆಗಲು, ಕೈಗಳ ಮೇಲೆ ಒಂದು ದೊಡ್ಡ ಮರದ ನೆರಳು ತೂಗುತ್ತಿತ್ತು. ಗಾಳಿ ಇರಲಿಲ್ಲ, ಆದರೂ ತೂಗುತ್ತಿತ್ತು. ಅಂದಿನ ಗಾಳಿ ಇರಬೇಕು. ಆ ಬಯಲಿಗೆ ಮಧ್ಯಾಹ್ನದ ನೆರಳು ಎಂಬುದು ಎಂದೂ ಇದ್ದಿರಲಿಲ್ಲ. ಗೋಡೆ ಬೆಳಿಗ್ಗೆ ನಮಗೆ, ಸಂಜೆ ಅವರಿಗೆ. ಈ ಮರ ಇಡೀ ದಿನ ಇತ್ತು, ಇಬ್ಬರಿಗೂ ಇತ್ತು. ಸುದ್ದಿ ಹೇಗೆ ಹೋಯಿತೋ, ಸ್ವಲ್ಪ ಹೊತ್ತಿನಲ್ಲಿ ಎರಡೂ ಓಣಿಯವರು ಬಂದು ತುಂಬಿದರು. ಮುದುಕಿಯರು ಕಾಲು ಚಾಚಿ ಕೂತರು. ಯಾರೋ ಕೂಸನ್ನು ತಂದು ಮಲಗಿಸಿದರು, ಅದು ತನ್ನ ಹೊಟ್ಟೆಯ ಮೇಲೆ ಓಡಾಡುವ ಬೆಳಕಿನ ಕಾಸುಗಳನ್ನು ಹಿಡಿಯಲು ಕೈ ಆಡಿಸಿತು. ಫಕ್ಕೀರಪ್ಪ ಟವೆಲು ಹಾಸಿ ಅಂಗಾತ ಮಲಗಿ, "ಇನ್ನ ನನ್ನನ್ನ ಎಬ್ಬಿಸಬ್ಯಾಡ್ರಿ, ಮದುವಿ ದಿನಾ ಎಬ್ಬಿಸ್ರಿ" ಎಂದ. ಚಿಗವ್ವ ಚಿಗಪ್ಪ ಓಡುತ್ತ ಹೋಗಿ ಆ ಕೊನೆಯ ಸಾಲು ಗಡಿಗೆಗಳನ್ನು ಹೊತ್ತು ತಂದು ಇಟ್ಟರು.

ಆಗಲೇ ಗುಂಡಿಯೊಳಗಿನಿಂದ ಮೇಡಂ ನನ್ನನ್ನು ಕರೆದರು. ಇಳಿದು ನೋಡಿದರೆ, ನೆಲದ ನಡುವೆ ಅಂಗೈಯಗಲದ ಕಪ್ಪು ಕಲೆ. "ಬೇರು! ಕೊಳೆತು ಮಣ್ಣಾದ ಬೇರಿನ ಗುರುತು, ಲೀಲಾ. ಅವರು ಕೂತು ಕಲ್ಲು ಒಡೆದದ್ದು ಈ ಮರದ ಬುಡದಲ್ಲೇ. ಇಂಥದ್ದು ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಮ್ಮೆಯೂ ಸಿಕ್ಕಿಲ್ಲ." ಮೇಡಂ ಕರಣೆ ಎತ್ತಿಕೊಂಡರು. ಇನ್ನು ಎರಡು ಬೆರಳು ಮಣ್ಣು ತೆಗೆದರೆ ಬುಡವೆಲ್ಲ ಬಿಸಿಲಿಗೆ ಬರುತ್ತಿತ್ತು.

ನಾನು ಮೇಲೆ ನೋಡಿದೆ. ಅಂಚಿನಲ್ಲಿ ಚಿಗವ್ವ ನಿಂತಿದ್ದಳು, ಕೈಯಲ್ಲಿ ಹಸಿ ಗಡಿಗೆ. ಅವಳು ಬೇಡ ಎನ್ನಲಿಲ್ಲ, ಕೇಳಿಕೊಳ್ಳಲೂ ಇಲ್ಲ. ಮೇಡಮ್ಮನ ಮುಖದ ಸಂತೋಷ ಅವಳಿಗೂ ಕಂಡಿತ್ತು. ಗಡಿಗೆಯನ್ನು ಎದೆಗೆ ಒತ್ತಿಕೊಂಡು, ನೆರಳು ಹೋಗುವ ಮೊದಲೇ ಒಳಗೆ ಒಯ್ಯುವ ತಯಾರಿಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದಳು, ಅಷ್ಟೇ. ನಾನು ಅಡ್ಡಡ್ಡ ತಲೆಯಾಡಿಸಿದೆ. ಮೇಡಂ ಬಗ್ಗಿದ್ದರು, ನೋಡಲಿಲ್ಲ. ಮತ್ತೆ ಜೋರಾಗಿ ಆಡಿಸಿದೆ. ನೋಡಲಿಲ್ಲ.

"ಮೇಡಂ, ನಾಳೆಯವರ ಪಾಲು" ಎಂದೆ.

ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಮೇಲೆ ಗದ್ದಲ ನಿಂತಿತು. ಫಕ್ಕೀರಪ್ಪ ಮಲಗಿದ್ದವನು ಎದ್ದು ಕೂತು, "ಗುರವ್ವಕ್ಕ, ಇಕಿ ಮಾತಾಡತಾಳೇನು?" ಎಂದದ್ದು ಕೇಳಿಸಿತು.

ನಾಳೆಯವರ ಪಾಲು ಎಂಬುದು ಮೇಡಮ್ಮನದೇ ಮಾತು. ಎಲ್ಲಿ ಅಗೆದರೂ ಒಂದು ಚೌಕವನ್ನು ಮುಟ್ಟದೆ ಬಿಡಬೇಕು. ನಮಗಿಂತ ಚುರುಕು ಕಣ್ಣಿನವರು ಮುಂದೆ ಬರುತ್ತಾರೆ, ಅವರಿಗೂ ಏನಾದರೂ ಉಳಿದಿರಬೇಕು. ಈ ಸಲ ಅದಕ್ಕಾಗಿ ಬಿಟ್ಟದ್ದು ಏನೂ ಇಲ್ಲದ ಮೂಲೆಯನ್ನು. ಆ ಚೌಕಕ್ಕೆ ಗೆರೆ ಎಳೆದವಳು ನಾನೇ.

"ಪಾಲು ಬಿಟ್ಟಿದ್ದೇವಲ್ಲ, ಆ ಮೂಲೆಯಲ್ಲಿ" ಎಂದರು ಮೇಡಂ.

"ಅದನ್ನು ಅಗೆಯೋಣ. ಇದನ್ನು ಬಿಡೋಣ."

"ಅಲ್ಲಿ ಏನೂ ಇಲ್ಲವಲ್ಲೇ!"

"ಅದಕ್ಕೇ ಮೇಡಂ." ಮಾತು ತಾನಾಗಿ ಬರುತ್ತಿತ್ತು, ಒಂದರ ಹಿಂದೊಂದು, ಬಸ್ಸಿಗೆ ನಿಂತವರ ಹಾಗೆ. "ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದಾಗ ಊರಲ್ಲಿಲ್ಲದವರಿಗೆ ಪಾಲು ತೆಗೆದಿಡುತ್ತಾರೆ. ಹರಿದ ಹೋಳಿಗೆ ಇಡುವುದಿಲ್ಲ. ಹೂರಣ ತುಂಬಿದ್ದು, ದುಂಡಗಿರುವುದು, ಅದನ್ನೇ ಇಡುತ್ತಾರೆ. ಹರಿದದ್ದನ್ನು ಮನೆಯಲ್ಲಿದ್ದವರು ತಿನ್ನುತ್ತೇವೆ. ಬೇಡದ್ದನ್ನು ಬಿಟ್ಟರೆ ಅದು ಪಾಲಲ್ಲ ಮೇಡಂ."

ಮೇಡಂ ನನ್ನನ್ನು ನೋಡಿದರು. ಆಮೇಲೆ ಆ ಕಪ್ಪು ಕಲೆಯನ್ನು ನೋಡಿದರು, ಹೋಳಿಗೆ ನೋಡುವ ಮಕ್ಕಳ ಹಾಗೆ. ನನಗೆ ಅವರ ಮೇಲೆ ಕನಿಕರವಾಯಿತು. "ಕೈ ಮಾತ್ರ ಇದೆ, ಬಾಯಿಲ್ಲ ಅಂತ ಹೇಳಿದ್ದರು ನನಗೆ" ಎಂದು ಗೊಣಗಿ, ಟೋಪಿ ತೆಗೆದು ಬೆವರು ಒರೆಸಿಕೊಂಡು, ಒಂದು ಬೊಗಸೆ ಮಣ್ಣು ತೆಗೆದು ಆ ಕಲೆಯ ಮೇಲೆ ತಾವೇ ಮೆತ್ತಗೆ ಹರಡಿದರು. "ಬರೆದುಕೋ. ಈ ಚೌಕ ನಾಳೆಯವರದು." ಮೇಲೆ ಯಾರೋ ಶಿಳ್ಳೆ ಹಾಕಿದರು. ಚಿಗಪ್ಪ ಎಂದು ಆಮೇಲೆ ತಿಳಿಯಿತು.

ಬದಲಿಗೆ ಅಗೆದ ಆ ಮೂಲೆಯಲ್ಲಿ ನಮಗೆ ಸಿಕ್ಕಿದ್ದು ಎರೆಹುಳು. ಮೇಡಂ ಅದನ್ನೂ ನನ್ನಿಂದ ಅಳತೆ ಮಾಡಿಸಿ ಬರೆಸಿದರು, ಸೇಡಿಗೆ.

ಗಡಿಗೆಗಳ ಚಿಂತೆ ಇನ್ನೂ ಇತ್ತು. ಬೇಲಿಯ ಗೀರು ಬಿಸಿಲಿಗೆ ಬಿರಿದವು ಎಲೆಯ ಚುಕ್ಕೆ ಬಿಸಿಲಿಗೆ ಬಿರಿಯುವುದಿಲ್ಲವೇ? ಎಲ್ಲರೂ ಅದನ್ನೇ ಕಾದರು. ಫಕ್ಕೀರಪ್ಪ ಮಿರ್ಚಿ ಅಂಗಡಿ ಬಿಟ್ಟು ಬಂದು ಬಂದು ಬಗ್ಗಿ ನೋಡುತ್ತಿದ್ದ, "ಬಸುರಿ ಹೊಟ್ಟಿ ನೋಡಿದಂಗ ನೋಡಬ್ಯಾಡೋ, ದೃಷ್ಟಿ ಆಗತೈತಿ" ಎಂದು ಚಿಗವ್ವ ಗದರುತ್ತಿದ್ದಳು. ಬೇಲಿಯ ನೆರಳು ನಿಂತಲ್ಲೇ ನಿಂತಿತ್ತು. ಈ ಎಲೆಗಳು ನಿಲ್ಲುತ್ತಿರಲಿಲ್ಲ. ಬೆಳಕಿನ ಒಂದೊಂದು ಚುಕ್ಕೆಯೂ ಗಡಿಗೆಯ ಮೇಲೆ ಕೂತಂತೆ ಮಾಡಿ ಎದ್ದು ಓಡುತ್ತಿತ್ತು, ಎಲ್ಲಿಯೂ ಸುಡುವಷ್ಟು ಹೊತ್ತು ಕೂರಲಿಲ್ಲ. ಒಣಗಿದ ಮೇಲೆ ಚಿಗವ್ವ ಮೊದಲನೆಯ ಗಡಿಗೆಯನ್ನು ಎಡಗೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳ ಗಿಣ್ಣಿನಿಂದ ಬಾರಿಸಿದಳು. ಎರಡನೆಯದು. ಮೂರನೆಯದು. ಸಾಲಿನ ಕೊನೆಯವರೆಗೂ ಹೋಗಿ ತಿರುಗಿದಳು. "ಒಂದೂ ಹೋಗಿಲ್ಲ" ಎಂದು ಹೇಳಲು ಹೋಗಿ ಹೇಳಲಾರದೆ ಫಕ್ಕೀರಪ್ಪನಿಗೆ, "ನಿಂತು ಏನ್ ನೋಡ್ತಿ, ಗಡಿಗಿ ಸುಡಾಕ ಆವಿಗಿಗೆ ಕಟಗಿ ಹೊತ್ಕೊಂಡು ಬಾ" ಅಂದಳು.

ಐರಾಣಿ ತರುವ ದಿನ ಆಚೆ ಓಣಿಯ ಮೆರವಣಿಗೆ ಬಯಲಿನ ಗೆರೆ ದಾಟಿ ನಮ್ಮ ಓಣಿಗೆ ಬಂತು. ಹಲಗೆ, ಶಹನಾಯಿ, ಫಕ್ಕೀರಪ್ಪನ ಹೊಸ ರುಮಾಲು. ಅವನ ಹೆಂಡತಿ ಹೊಸ್ತಿಲಲ್ಲಿ ನಿಂತ ಚಿಗವ್ವನಿಗೆ ಅರಿಸಿನ ಕುಂಕುಮ ಹಚ್ಚಿ, ಖಣ ತೆಂಗಿನಕಾಯಿ ಇಟ್ಟು ಉಡಿ ತುಂಬಿದಳು. ಸುಣ್ಣದ ಚುಕ್ಕೆ, ಕೆಮ್ಮಣ್ಣಿನ ಬಳ್ಳಿ ಬರೆದ ಗಡಿಗೆಗಳನ್ನು ಹೆಂಗಸರು ಒಬ್ಬೊಬ್ಬರಾಗಿ ತಲೆಯ ಮೇಲೆ ಎತ್ತಿಕೊಂಡರು. ಕೊನೆಯದು ಉಳಿಯಿತು, ಎಲ್ಲಕ್ಕಿಂತ ದೊಡ್ಡದು. ನಾನು ಬಾಗಿಲ ಹಿಂದೆ ಇದ್ದೆ. ಅರಿಸಿನ ಮೈಯ ಮದುಮಗಳು ಮಾಂತವ್ವ ಒಳಗೇ ಬಂದು ನನ್ನ ಕೈ ಹಿಡಿದು ಎಳೆದಳು. "ಇದು ನೀನಾ ಹೊರಬೇಕು, ಲೀಲಕ್ಕ. ಇಲ್ಲಾಂದ್ರ ನಾ ಮದುವಿ ಆಗಂಗಿಲ್ಲ." ಈ ಹುಡುಗಿಗೆ ಮದುವೆ ಬೇಡ ಎನ್ನಲು ನೆಪಗಳಿಗೆ ಬರವಿಲ್ಲ. ಯಾರೋ ನನ್ನ ತಲೆಯ ಮೇಲೆ ಸಿಂಬಿ ಇಟ್ಟರು, ಯಾರೋ ಗಡಿಗೆ ಇಟ್ಟರು, ನಾನು ಬೀದಿಯಲ್ಲಿದ್ದೆ.

ನಡುಹಗಲು. ಬಯಲಿಗೆ ಬಂದಾಗ ಎಲೆಯ ನೆರಳು ಎಲ್ಲರ ಮೇಲೂ ಇಳಿಯಿತು, ಹಲಗೆಯ ಚರ್ಮದ ಮೇಲೆ, ಬಾರಿಸುವವನ ಕೈಯ ಮೇಲೆ, ಮದುಮಗಳ ಕೆನ್ನೆಯ ಮೇಲೆ. ಮೆರವಣಿಗೆ ಅಲ್ಲೇ ನಿಂತುಬಿಟ್ಟಿತು. ಯಾಕೆಂದರೆ ಅಷ್ಟರಲ್ಲಿ ಜಗಳ ಶುರುವಾಗಿತ್ತು.

"ಎಲಿ ಸಣ್ಣ ಸಣ್ಣವು ಅದಾವ ನೋಡು. ಹುಣಸಿಗಿಡ" ಎಂದಳು ಚಿಗವ್ವ.

"ಎಲ್ಲೀ ಹುಣಸಿ? ಬೇವು ಯಕ್ಕಾ, ಬೇವು. ನಮ್ಮ ಕಡೆ ಟೊಂಗಿ ನೋಡು."

"ನಿಮ್ಮ ಕಡೆ ಟೊಂಗಿ ಯಾವುದೋ? ಗಿಡ ಒಂದಾ ಐತಿ!"

"ಗಿಡ ಒಂದಾ, ಟೊಂಗಿ ಬ್ಯಾರೆ. ಈ ಕಡೆದು ಬೇವು."

ನಮ್ಮ ಓಣಿಯವರೆಲ್ಲ ಹುಣಸೆ ಎಂದರು, ಆಚೆಯವರೆಲ್ಲ ಬೇವು ಎಂದರು. ಹಲಗೆಯವನೂ ಬೇವಿನ ಪಕ್ಷ ಸೇರಿ ಬಾರಿಸುವುದನ್ನೇ ಬಿಟ್ಟ. ವಾರಿಜಾ ಮೇಡಂ ಮಾತ್ರ ಟೋಪಿ ಹಿಂದೆ ತಳ್ಳಿ, ತಲೆಯೆತ್ತಿ ಆ ಇಲ್ಲದ ಮರದ ಖಾಲಿ ಆಕಾಶವನ್ನು ನೋಡುತ್ತ ಸುಮ್ಮನೆ ನಗುತ್ತಿದ್ದರು. ಕೊನೆಗೆ ಫಕ್ಕೀರಪ್ಪ ನನ್ನ ಮುಂದೆ ಬಂದು ನಿಂತ. "ತಂಗಿ, ನೀನು ಕಲಿತಾಕಿ, ಗುಂಡಿ ಒಳಗ ಎಲ್ಲಾ ನೋಡಿ ಬರದಾಕಿ. ನೀನಾ ಹೇಳು. ಹುಣಸೀನೋ, ಬೇವೋ?"

ಎರಡೂ ಓಣಿಯವರು ನನ್ನ ಕಡೆ ತಿರುಗಿದರು. ತಲೆಯಾಡಿಸೋಣವೆಂದರೆ ತಲೆಯ ಮೇಲೆ ಐರಾಣಿ. ಮೇಲೆ ಕೆಳಗೂ ಆಡಿಸುವಂತಿಲ್ಲ, ಅಡ್ಡವೂ ಆಡಿಸುವಂತಿಲ್ಲ. ಬೇರೆ ದಾರಿಯೇ ಇರಲಿಲ್ಲ.

"ಮಾವಾ, ಮದಲ ದಾರಿ ಬಿಡ್ರಿ" ಎಂದು ಕೂಗಿದೆ. "ನನ್ನ ಕುತ್ತಿಗಿ ಮುರಿಯಾಕತ್ತೈತಿ! ನಿಮ್ಮ ಮಗಳ ಮದುವಿ ಮುಗಿದ ಮ್ಯಾಲೆ ಕುಂತು ಹೇಳ್ತೀನಿ, ಬೇಕಾದಷ್ಟು ಹೇಳ್ತೀನಿ!"

ಚಿಗವ್ವ ಬಾಯಿಗೆ ಸೆರಗು ಹಿಡಿದಳು, ಹಲಗೆಯವನು ಮತ್ತೆ ಬಾರಿಸಲು ಕೈ ಎತ್ತಿದ, ನಾನು ಮುಂದೆ ನಡೆದೆ.